ಮಾವನಿಗೆ ನೋಡಿ ಹೇಳಿದ ಸಿನಿಮಾಗಳು

ಟಿವಿ ಕೆಳಗಿನ ಗೂಡನ್ನು ಮೊನ್ನೆ ಖಾಲಿ ಮಾಡುತ್ತಿದ್ದೆ. ಹಳೆಯ ಡಿವಿಡಿ ಪ್ಲೇಯರು ಸಿಕ್ಕಿತು. ಅದು ಕೆಟ್ಟು ವರ್ಷಗಳಾದವು, ಗುಜರಿಗೆ ಹಾಕುವುದಕ್ಕೇನೂ ಅಡ್ಡಿಯಿರಲಿಲ್ಲ. ಆದರೆ ಅದರ ರಿಮೋಟನ್ನು ಕೈಯಲ್ಲಿ ಹಿಡಿದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಕೊಂಡ ದಿನವೇ ನಮ್ಮ ಅತ್ತೆ ಅದಕ್ಕೊಂದು ಪ್ಲಾಸ್ಟಿಕ್ ಕವರು ತೊಡಿಸಿದ್ದರು. ಆ ಕವರು ಇವತ್ತಿಗೂ ಗಟ್ಟಿಮುಟ್ಟಾಗಿದೆ. ಒಂದೇ ಒಂದು ಗುಂಡಿಯ ಮೇಲೆ ಸವೆದು ತೂತು ಬಿದ್ದಿದೆ. ಆ ಗುಂಡಿಯ ಮೇಲಿದ್ದ ಎರಡು ಬಿಳಿ ಗೀಟುಗಳೂ ಅಳಿಸಿಹೋಗಿವೆ. ಓಡುವ ಸಿನಿಮಾವನ್ನು ತಡೆದು ನಿಲ್ಲಿಸುವ ಗುಂಡಿ ಅದು.

ನೀವೂ ಬೇಕಾದರೆ ನಿಮ್ಮ ಮನೆಯ ರಿಮೋಟನ್ನು ತೆಗೆದು ನೋಡಿ. ಕೆಲವರ ಮನೆಯಲ್ಲಿ ಸದ್ದು ಹೆಚ್ಚಿಸುವ ಗುಂಡಿ ಸವೆದಿರುತ್ತದೆ, ಕೆಲವರ ಮನೆಯಲ್ಲಿ ಚಾನೆಲ್ ಬದಲಿಸುವುದು. ಒಂದು ಸಂಸಾರದ ಸ್ವಭಾವ ತಿಳಿಯಲು ಜಾತಕ ನೋಡಬೇಕಾಗಿಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಲ್ಲಿ ಕಂಡರೆ ಕೋಣೆಯನ್ನೇ ಬಿಟ್ಟುಕೊಡುವ ಹೆಂಗಸು ನಾನು. ಅಂಥವಳಿಗೆ ಥ್ರಿಲ್ಲರ್ ಸಿನಿಮಾದ ಹುಚ್ಚು ಹೇಗೆ ಹತ್ತಿತೆಂದು ನನ್ನ ತಂಗಿ ಇಂದಿಗೂ ಕೇಳುತ್ತಾಳೆ. ಅದಕ್ಕೆ ಕಾರಣ ನಮ್ಮ ಕಾನ್ವೆಂಟಿನ ಸಿಸ್ಟರುಗಳೇ ಇರಬೇಕು. ವರ್ಷಕ್ಕೊಂದೆರಡು ಸಲ, ಶನಿವಾರದ ಮಧ್ಯಾಹ್ನ, ಶಾಲೆಯ ದೊಡ್ಡ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ನಮಗೆ ಸಿನಿಮಾ ತೋರಿಸುತ್ತಿದ್ದರು. ಪ್ರೊಜೆಕ್ಟರಿನ ಪಕ್ಕದಲ್ಲಿ ಹೆಡ್ ಸಿಸ್ಟರು ಒಂದು ರಟ್ಟಿನ ತುಂಡು ಹಿಡಿದು ಕೂತಿರುತ್ತಿದ್ದರು. ಮಕ್ಕಳು ನೋಡಬಾರದ್ದೇನಾದರೂ ಬಂತೋ, ಲೆನ್ಸಿಗೆ ರಟ್ಟು ಅಡ್ಡ. ಮುತ್ತಿಗೂ ಅದೇ ರಟ್ಟು, ಕತ್ತಿಗೂ ಅದೇ ರಟ್ಟು. ಪರದೆ ಕಪ್ಪಾಗುತ್ತಿತ್ತು, ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಕತ್ತಲಲ್ಲಿ ಯಾರೋ ಏದುಸಿರು ಬಿಡುವುದು, ಏನೋ ಬೀಳುವುದು, ಒಂದು ಕೂಗು. ನಾವು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕಾಣದೇ ಇದ್ದುದನ್ನೆಲ್ಲ ಕಾಣುತ್ತಿದ್ದೆವು. ದೊಡ್ಡವಳಾದ ಮೇಲೆ ಅವುಗಳಲ್ಲೊಂದು ಸಿನಿಮಾ ಟಿವಿಯಲ್ಲಿ ಬಂತು. ನಾನು ಒಂದು ವಾರ ನಿದ್ದೆಗೆಟ್ಟಿದ್ದ ಆ ಘೋರ ಕೊಲೆ ನೋಡಿದರೆ, ಒಬ್ಬ ದಪ್ಪ ಮನುಷ್ಯ ಕಿಟಕಿ ಪರದೆಯ ಕಂಬಿಯ ಸಮೇತ ಸೋಫಾದ ಮೇಲೆ ಬೀಳುವುದು, ಅಷ್ಟೇ. ಅವನಿಗೆ ಗಾಯವೂ ಆಗಿರಲಿಲ್ಲ. ಯಾರೋ ಮೋಸ ಮಾಡಿದಂತೆ ಬೇಜಾರಾಯಿತು.

ಆದರೆ ನಾನು ಹೇಳಹೊರಟದ್ದು ನಮ್ಮ ಮಾವನ ವಿಷಯ.

ಮಾವ ಅಬ್ಬಿಗೆರೆಯವರು, ಆ ಊರು ಇನ್ನೂ ಹಳ್ಳಿಯಾಗಿದ್ದ ಕಾಲದವರು. ಅವರ ಮಾತಿನಲ್ಲಿ ಹಕಾರ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರು ಹಾಲಿಗೆ "ಆಲು" ಅಂದರೆ ನಾನು ಆಲೂಗಡ್ಡೆ ತಂದುಕೊಟ್ಟಿದ್ದುಂಟು. ದೊಡ್ಡ ಕಾರ್ಖಾನೆಯೊಂದರಲ್ಲಿ, ತಯಾರಾಗಿ ಬಂದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಅವರದು. ಒಂದೊಂದನ್ನೂ ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಬಿರುಕಿದ್ದರೂ ಪಕ್ಕಕ್ಕೆ ಇಡುತ್ತಿದ್ದರಂತೆ. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ನಾನು ತೊಳೆದಿಟ್ಟ ಲೋಟವನ್ನು ಕಿಟಕಿಯ ಕಡೆ ಎತ್ತಿ ನೋಡದೆ ನೀರು ಕುಡಿದವರಲ್ಲ. ವಿದ್ಯಾರಣ್ಯಪುರದ ನಮ್ಮ ಮನೆಗೆ ಬೆಳಗಿನ ಹಾಲು ತರುವುದು ಅವರದೇ ಕೆಲಸ. ಬೇರೆ ಯಾರಾದರೂ ತಂದರೆ ಆ ದಿನದ ಕಾಫಿ ಅವರಿಗೆ ರುಚಿಸುತ್ತಿರಲಿಲ್ಲ. ವೈರಿನ ಬುಟ್ಟಿ ಹಿಡಿದು ಬಸ್ ಸ್ಟಾಪಿನ ಬಳಿಯ ಬೂತಿಗೆ ಹೋಗಿ, ಅಲ್ಲಿ ಹಳೆಯ ಗೆಳೆಯರ ಜೊತೆ ನಿಂತು ಲೋಕದ ತಪ್ಪುಗಳನ್ನೆಲ್ಲ ತಿದ್ದಿ ಬರುತ್ತಿದ್ದರು.

ಅಂಥ ಕಣ್ಣುಗಳು ಹೋದವು. ಒಳಗೆ ಒತ್ತಡ ಏರಿ ನರವನ್ನು ತಿನ್ನುತ್ತಾ ಬರುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ. ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು "ಈ ಬಾಗ್ಲು ಕಟ್ದೋನ್ಗೆ ಬುದ್ಧಿ ಇಲ್ಲ" ಎನ್ನುತ್ತಿದ್ದರು. ನಾವೂ ನಗುತ್ತಿದ್ದೆವು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಬೆಳಕಿದೆ, ಬೆಳಕಿಲ್ಲ ಎನ್ನುವುದಷ್ಟೇ ಉಳಿಯಿತು.

ಮಾವ ಅಳಲಿಲ್ಲ, ರೇಗಲಿಲ್ಲ. ಇವರು, ಅಂದರೆ ನನ್ನ ಯಜಮಾನರು, ಮಡಿಸುವ ಬಿಳಿ ಕೋಲು ತಂದುಕೊಟ್ಟರೆ ಅದನ್ನು ಮಂಚದ ಕೆಳಗೆ ತಳ್ಳಿದರು.

"ಗೇಟಿಂದಾಚೆ ನನ್ ಕೆಲ್ಸ ಮುಗೀತು ಕಣಮ್ಮ," ಎಂದರು ನನಗೆ. "ಅದ್ನ ಇಡ್ಕಂಡ್ ಓದ್ರೆ ರಸ್ತೇಲಿರೋರೆಲ್ಲ ಅಯ್ಯೋ ಅಂತಾರೆ. ನಂಗದು ಬ್ಯಾಡ."

ನನಗೆ ಹೆದರಿಕೆಯಾದದ್ದು ಆಗ. ಮೊದಲು ಗೇಟು, ಆಮೇಲೆ ವರಾಂಡ, ಆಮೇಲೆ ಮಂಚ. ಮನುಷ್ಯ ಹೀಗೆಯೇ ಒಳಗೊಳಗೆ ಸರಿದು ಒಂದು ದಿನ ಮಾತೂ ಬಿಡುತ್ತಾನೆ. ನನ್ನ ತಂದೆ ಕೊನೆಗಾಲದಲ್ಲಿ ಹಾಗೆಯೇ ಸರಿದುಹೋದದ್ದನ್ನು ನೋಡಿದ್ದೆ. ಮಾವ ಒಂದೇ ಒಂದು ಸಲ ಆ ಗೇಟು ದಾಟಿದರೆ ಸಾಕು ಎನ್ನುವುದು ಆ ವರ್ಷವೆಲ್ಲ ನನ್ನ ಪ್ರಾರ್ಥನೆಯಾಗಿತ್ತು. ಪ್ರಾರ್ಥನೆ ಮಾಡುವುದನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು, ಯಾರಿಗೆ ಮಾಡುತ್ತಿದ್ದೇನೆ ಎನ್ನುವುದು ಮಾತ್ರ ಅತ್ತೆಯ ದೇವರಮನೆಯಲ್ಲಿ ಸ್ವಲ್ಪ ಕಲಸಿಹೋಗಿತ್ತು.

ಒಂದು ಮಧ್ಯಾಹ್ನ ಕೆಲಸ ಮುಗಿಸಿ, ಬಾಡಿಗೆಗೆ ತಂದ ಡಿವಿಡಿ ಹಾಕಿಕೊಂಡು, ಸದ್ದು ಸಣ್ಣಗಿಟ್ಟು ಕೂತಿದ್ದೆ. ಗುಡ್ಡದ ಮೇಲಿನ ಮನೆಯೊಂದಕ್ಕೆ ವೃದ್ಧೆಯನ್ನು ನೋಡಿಕೊಳ್ಳಲು ಒಬ್ಬ ನರ್ಸು ಬರುತ್ತಾಳೆ. ಮನೆಯಲ್ಲಿ ಇರುವವರು ಇಬ್ಬರೇ. ಮಹಡಿಯ ಮೇಲೆ ಯಾರೋ ನಲ್ಲಿ ತಿರುಗಿಸಿದ ಸದ್ದಾಗುತ್ತದೆ. ನೀರು ಸುರಿಯುತ್ತದೆ, ನಿಲ್ಲುತ್ತದೆ. ಮಾತಿಲ್ಲ, ಸಂಗೀತವೂ ಇಲ್ಲ. ಅಷ್ಟರಲ್ಲಿ ಕೋಣೆಯಿಂದ ಮಾವನ ದನಿ ಬಂತು.

"ಏನಮ್ಮಾ ಅದು? ಮ್ಯಾಲೆ ಯಾರವ್ರೆ?"

ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಗೋಡೆ ಸವರಿಕೊಂಡು ಬಂದು ಕುರ್ಚಿ ಹುಡುಕಿ ಕೂತೇಬಿಟ್ಟರು. "ನಿಲ್ಸು ಅದ್ನ. ಏನಾಯ್ತು ಯೋಳು."

ಮೊದಲ ಸಲ ಆ ಗುಂಡಿ ಒತ್ತಿದ್ದು ಆವಾಗ.

ಮಾತಿಲ್ಲದ ದೃಶ್ಯ ಬಂದಾಗೆಲ್ಲ ನಿಲ್ಲಿಸುವುದು, ಕಂಡದ್ದನ್ನು ಹೇಳುವುದು, ಮತ್ತೆ ಓಡಿಸುವುದು. ಇದು ನಮ್ಮ ಪದ್ಧತಿಯಾಯಿತು. ಸುಲಭವೆಂದುಕೊಂಡಿದ್ದೆ. ಎರಡನೆಯ ಸಿನಿಮಾದಲ್ಲೇ ಬೈಸಿಕೊಂಡೆ.

"ಮಾವ, ಪರದೆ ಹಿಂದೆ ಕೊಲೆಗಾರ ನಿಂತಿದಾನೆ," ಎಂದೆ, ಗಾಬರಿಯಲ್ಲಿ.

"ಕೊಲೆಗಾರ ಅಂತ ಅವ್ನ ಅಣೇಮ್ಯಾಲ್ ಬರ್ದೈತಾ?"

"ಇಲ್ಲ. ಶೂ ಕಾಣ್ತಾ ಇದೆ."

"ಅಂಗಿದ್ರೆ ಶೂ ಅಂತ ಯೋಳು. ನಿಂಗೆ ಕಂಡಿದ್ದು ಯೋಳಮ್ಮ, ತಿಳ್ಕಂಡಿದ್ದು ಯೋಳ್ಬ್ಯಾಡ. ಅದು ನನ್ ಪಾಲಿಂದು."

ಆಮೇಲೆ ನಾನು ಎಷ್ಟೋ ಥ್ರಿಲ್ಲರುಗಳನ್ನು ನೋಡಿದ್ದೇನೆ, ಪತ್ರಿಕೆಗಳಲ್ಲಿ ಅವುಗಳ ವಿಮರ್ಶೆ ಓದಿದ್ದೇನೆ. ಒಳ್ಳೆಯದಕ್ಕೂ ಸಾಧಾರಣಕ್ಕೂ ವ್ಯತ್ಯಾಸವೇನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮಾತೇ. ಒಳ್ಳೆಯ ಸಿನಿಮಾ ನಮಗೆ ಶೂ ತೋರಿಸಿ ಸುಮ್ಮನಾಗುತ್ತದೆ. ಉಳಿದದ್ದು ನಮ್ಮ ಪಾಲಿನದು. ಎಲ್ಲವನ್ನೂ ಬಾಯಿಗಿಟ್ಟು ತಿನ್ನಿಸುವ ಸಿನಿಮಾಗಳಲ್ಲಿ ನನಗೆ ಹೇಳುವುದಕ್ಕೇ ಏನೂ ಇರುತ್ತಿರಲಿಲ್ಲ. ಮಾವನಿಗೆ ಆಕಳಿಕೆ ಬರುತ್ತಿತ್ತು. ಡೋಲು ಬಡಿಯುವ ಸಂಗೀತವೆಂದರೆ ಅವರಿಗೆ ತಾತ್ಸಾರ. "ಏನೂ ಇಲ್ದೆ ಇರೋನೇ ಇಂಗೆ ಬಡ್ಕಳೋದು" ಎನ್ನುತ್ತಿದ್ದರು. ಇನ್ನು, ಕೊನೆಯಲ್ಲಿ ಎಲ್ಲಿಂದಲೋ ಒಬ್ಬ ಹೊಸಬನನ್ನು ತಂದು ಇವನೇ ಕೊಂದವನು ಎಂದರಂತೂ ಕೋಪವೇ ಬಂದುಬಿಡುತ್ತಿತ್ತು.

"ಯಾವನಮ್ಮಾ ಇವ್ನು? ಇಷ್ಟೊತ್ತೂ ಇವ್ನ ಎಲ್ಲಿ ಮಡ್ಗಿದ್ರು? ಮಾಲು ಸರಿ ಇಲ್ಲ, ವಾಪಸ್ ಕೊಡು."

ಆ ಡಿವಿಡಿಯನ್ನು ನಾನು ನಿಜವಾಗಿಯೂ ವಾಪಸು ಕೊಡುತ್ತಿದ್ದೆ. ಹೇಗೂ ಬಾಡಿಗೆಯದಲ್ಲವೇ.

ಅತ್ತೆ ಸೊಪ್ಪು ಬಿಡಿಸುತ್ತಾ ನಮ್ಮ ಹಿಂದೆ ಕೂತಿರುತ್ತಿದ್ದರು. "ಮಾವ ಸೊಸೆ ಕೊಲೆ ನೋಡ್ಕಂಡ್ ಕುಂತವ್ರೆ, ಬೇರೆ ಮನೇಲಿ ಇಂಥದ್ ಉಂಟಾ?" ಎಂದು ಶುರುಮಾಡುತ್ತಿದ್ದರು, ಸ್ವಲ್ಪ ಹೊತ್ತಿಗೆಲ್ಲ ಸೊಪ್ಪು ಕೈಯಲ್ಲೇ ಉಳಿಯುತ್ತಿತ್ತು. ಅವರಿಗೆ ಕೊಂದವನು ಯಾರೆಂಬ ಚಿಂತೆಯೇ ಇರಲಿಲ್ಲ. "ಈ ಉಡ್ಗಿಗೆ ಅಪ್ಪ ಅವ್ವ ಇಲ್ವಾ? ಇಷ್ಟು ದೊಡ್ ಮನೇಲಿ ಒಬ್ಳನ್ನೇ ಬುಟ್ಟವ್ರಲ್ಲ? ಊಟ ಮಾಡಿದ್ಲಾ ಅವ್ಳು?" ಇವೇ ಪ್ರಶ್ನೆಗಳು. ನನಗೆ ಆಗ ನಗು ಬರುತ್ತಿತ್ತು. ಈಗ ಯೋಚಿಸಿದರೆ, ಸಿನಿಮಾ ಮಾಡುವವರು ಮೊದಲು ಅತ್ತೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟುಕೊಳ್ಳಬೇಕು ಅನಿಸುತ್ತದೆ. ಅವಳು ಊಟ ಮಾಡಿದಳೋ ಇಲ್ಲವೋ ಎಂದು ನಮಗೆ ಅನಿಸದಿದ್ದರೆ, ಅವಳು ಬದುಕುತ್ತಾಳೋ ಇಲ್ಲವೋ ಎಂದು ನಾವೇಕೆ ಉಸಿರು ಬಿಗಿಹಿಡಿಯಬೇಕು?

ಒಂದು ಸಿನಿಮಾದಲ್ಲಿ ಏಣಿಯ ಮೆಟ್ಟಿಲೊಂದನ್ನು ಯಾರೋ ಅರ್ಧ ಕುಯ್ದಿಟ್ಟಿರುತ್ತಾರೆ. ನಮಗೆ ಗೊತ್ತು, ಹುಡುಗಿಗೆ ಗೊತ್ತಿಲ್ಲ. ಬುಟ್ಟಿ ಹಿಡಿದು ಹಾಡು ಗುನುಗುತ್ತಾ ಏಣಿಯ ಹತ್ತಿರ ಬರುತ್ತಾಳೆ. ಅತ್ತೆ ಎದ್ದು ನಿಂತು "ಅಯ್ಯೋ ಕಾಲಿಡ್ಬ್ಯಾಡ ಕಣೇ, ಕಾಲಿಡ್ಬ್ಯಾಡ!" ಎಂದು ಕೂಗಿಬಿಟ್ಟರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಕೂಗಿದ್ರೆ ಅವ್ಳಿಗೆ ಕೇಳ್ತದಾ?" ಎಂದರು ಮಾವ.

"ಕೇಳ್ದೆ ಇದ್ರೂ ಕೂಗ್ಬೇಕಪ್ಪ. ನೋಡ್ಕಂಡ್ ಸುಮ್ಕಿರಾಕಾಯ್ತದಾ?"

ಮಾವ ಟಿವಿಯ ಕಡೆಗೆ ಕಿವಿಗೊಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಏಣಿ ಬಲ್ಗಡೆ ಗೋಡೆಗೆ ಐತಲ್ವಾ?" ಎಂದು ನನ್ನನ್ನು ಕೇಳಿದರು. ಪರದೆ ನೋಡಿದೆ. ಬಲಗಡೆಯೇ ಇತ್ತು. ನಾನು ಹೇಳಿರಲಿಲ್ಲ.

"ಹೇಗೆ ಗೊತ್ತಾಯ್ತು ಮಾವ?"

"ಅವ್ಳ ಎಜ್ಜೆ ಅತ್ಲಾಗ್ ಓಯ್ತಲ್ಲ."

ಹಾಗೆ ಸಿನಿಮಾದ ಮನೆಗಳೆಲ್ಲ ಅವರ ತಲೆಯೊಳಗೆ ಕಟ್ಟಿಕೊಳ್ಳತೊಡಗಿದವು. ಅಡುಗೆಮನೆ ಹಿಂದುಗಡೆ ಇರಬೇಕು, ಅಲ್ಲೊಂದು ಕಿಟಕಿ ತೆರೆದಿದೆ, ಹೊರಗೆ ಗಾಳಿಯಿದೆ. ಆಮೇಲೆ ನಮ್ಮ ಬೀದಿಯೂ ಅದರೊಳಗೆ ಸೇರಿತು. ಸೋಲದೇವನಹಳ್ಳಿ ಕಡೆಯ ಕಾಲೇಜು ಬಸ್ಸು ತಿರುವಿನಲ್ಲಿ ನಿಧಾನಿಸಿದ್ದು, ಮೂಲೆಮನೆಯ ನಾಯಿ ಗೇಟಿನ ಒಳಗಿದೆಯೋ ಹೊರಗಿದೆಯೋ ಎನ್ನುವುದು, ಎಲ್ಲವನ್ನೂ ವರಾಂಡದಲ್ಲಿ ಕೂತು ಹೇಳುತ್ತಿದ್ದರು. ನಾನು ಸುಮ್ಮನೆ ಕೇಳುತ್ತಿದ್ದೆ. ಆಸೆಯನ್ನು ತೋರಿಸಿಕೊಂಡರೆ ಅವರು ಒಳಗೆ ಹೋಗಿಬಿಡುತ್ತಾರೆಂಬ ಭಯ.

ಒಂದು ಸಂಜೆ, ಕಾಫಿ ಲೋಟ ಕೆಳಗಿಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಾಳೆ ಆಲು ನಾನೇ ತತ್ತೀನಿ. ಯಾರೂ ಇಂದೆ ಬರ್ಕೂಡ್ದು."

ಇವರು ಬಾಯಿ ತೆರೆದರು. ಅತ್ತೆ ಕಣ್ಣಿನಲ್ಲೇ ಅವರ ಬಾಯಿ ಮುಚ್ಚಿಸಿದರು.

ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಮಂಚದ ಕೆಳಗಿನ ಕೋಲನ್ನು ತಾವೇ ಎಳೆದು ಬಿಡಿಸಿದರು, ಖಾಲಿ ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಂಡರು. ಗೇಟಿನ ಚಿಲಕ ತೆಗೆದು ಒಂದು ಗಳಿಗೆ ನಿಂತರು, ದಾಟಿದರು.

"ನಾನು ಹಿಂದೆ ಹೋಗ್ಲಾ?" ಎಂದು ಇವರು ಪಿಸುಗುಟ್ಟಿದರು.

"ನಿಮ್ಮ ನಡಿಗೆ ಅವರಿಗೆ ಗೊತ್ತಾಗತ್ತೆ ಕಣ್ರೀ. ನಾನು ಹೋಗ್ತೀನಿ." ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊರಟೆ. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದೆ, ಸದ್ದಾಗದಿರಲಿ ಎಂದು. ಪತ್ತೇದಾರನಂತೆ ಗೋಡೆ ಹಿಡಿದು ಹೋಗುವ ನನ್ನನ್ನು ನೋಡಿ ರಂಗೋಲಿ ಹಾಕುತ್ತಿದ್ದ ಎದುರು ಮನೆಯಾಕೆ ಏನು ತಿಳಿದರೋ.

ಮಾವ ಎಡಗೈಯನ್ನು ಕಾಂಪೌಂಡು ಗೋಡೆಗಳ ಮೇಲೆ ಆಡಿಸುತ್ತಾ ನಡೆಯುತ್ತಿದ್ದರು. ಕಬ್ಬಿಣದ ಗೇಟು, ಒರಟು ಗೋಡೆ, ದಾಸವಾಳದ ಗಿಡ. ನಿಂತಿದ್ದ ಕಾರೊಂದನ್ನು ಕೋಲಿನಿಂದ ಮೆಲ್ಲಗೆ ಮುಟ್ಟಿ, ಸುತ್ತಿಕೊಂಡು ಹೋದರು. ನಡಿಗೆಯಲ್ಲಿ ಹಳೆಯ ಗತ್ತು ಸ್ವಲ್ಪ ಸ್ವಲ್ಪವಾಗಿ ಬರುತ್ತಿತ್ತು. ಅವರ ಬೆನ್ನನ್ನು ಎಷ್ಟು ದಿನದ ಮೇಲೆ ಬೀದಿಯಲ್ಲಿ ನೋಡುತ್ತಿದ್ದೆನೋ.

ಆಗ ಕಂಡಿತು. ತಿರುವಿನ ಆಚೆ, ಯಾವುದೋ ಪೈಪಿಗೆಂದು ರಸ್ತೆಯನ್ನು ಅಡ್ಡಡ್ಡ ಅಗೆದಿದ್ದರು. ಹಿಂದಿನ ಸಂಜೆ ಇರಲಿಲ್ಲ. ಆಳದ ಗುಂಡಿ, ಆ ಬದಿಗೆ ಮಣ್ಣಿನ ರಾಶಿ, ಈ ಬದಿಗೆ ಏನೂ ಇಲ್ಲ. ಒಂದು ಹಗ್ಗವನ್ನೂ ಕಟ್ಟಿರಲಿಲ್ಲ. ಮಾವ ಅದರ ಕಡೆಗೆ ನೇರವಾಗಿ ನಡೆಯುತ್ತಿದ್ದರು.

ಕೂಗಿದರೆ ನಿಲ್ಲುತ್ತಾರೆ. ಆದರೆ ನಾನು ಹಿಂದೆ ಬಂದದ್ದು ತಿಳಿಯುತ್ತದೆ. ತಮ್ಮನ್ನು ಮಗುವಿನ ಹಾಗೆ ಕಾಯುತ್ತಿದ್ದಾರೆಂದು ಗೊತ್ತಾದರೆ ಮತ್ತೆಂದೂ ಆ ಕೋಲು ಹಿಡಿಯುವವರಲ್ಲ. ಕೂಗದಿದ್ದರೆ? ಓಡಿ ಹಿಡಿಯುವಷ್ಟು ಹತ್ತಿರ ಇರಲಿಲ್ಲ. ಕುರ್ಚಿಯಲ್ಲಿ ಕೂತು ನೋಡಿದ ಯಾವ ಸಿನಿಮಾವೂ ನನಗೆ ಈ ಗಳಿಗೆಯನ್ನು ಕಲಿಸಿರಲಿಲ್ಲ. ನಿಲ್ಲಿಸುವ ಗುಂಡಿ ಇಲ್ಲದ ಲೋಕದಲ್ಲಿ, ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ಬಾಯಿ ತೆರೆದೆ. "ಮಾ" ಎನ್ನುವುದು ನಾಲಿಗೆಯವರೆಗೆ ಬಂದಿತ್ತು.

ಕೋಲಿನ ತುದಿ ಶೂನ್ಯಕ್ಕೆ ಇಳಿಯಿತು. ಎತ್ತಿದ್ದ ಹೆಜ್ಜೆಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು.

ನಿಂತರು. ಕೋಲನ್ನು ಎಡಕ್ಕೆ ಚುಚ್ಚಿದರು, ಬಲಕ್ಕೆ ಚುಚ್ಚಿದರು. ಎಲ್ಲ ಕಡೆ ಗುಂಡಿಯೇ. ತಲೆಯನ್ನು ಅತ್ತ ಇತ್ತ ತಿರುಗಿಸಿದರು. ಗೊತ್ತಿದ್ದ ಬೀದಿ ಒಮ್ಮೆಲೇ ಅವರ ತಲೆಯೊಳಗಿನಿಂದ ಜಾರಿಹೋದಂತಿತ್ತು. ಹಾಲಿನ ಬುಟ್ಟಿ ಎದೆಗವಚಿಕೊಂಡು, ಅವರು ಸಣ್ಣ ದನಿಯಲ್ಲಿ ಕೇಳಿದರು.

"ಯಾರಾದ್ರೂ ಅವ್ರಾ?"

ಬೀದಿಯಲ್ಲಿ ಯಾರೂ ಇರಲಿಲ್ಲ. ನಾನಿದ್ದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಒಂದು ವಿದ್ಯುತ್ ಕಂಬದ ಹಿಂದೆ ನಿಂತಿದ್ದೆ.

ಇನ್ನೊಂದು ಸಲ ಕೇಳಿದರು. ತುಂಬ ಹೊತ್ತು ಹಾಗೇ ನಿಂತವರು, ಆಮೇಲೆ ಗುಂಡಿಯ ಅಂಚನ್ನೇ ಕೋಲಿನಿಂದ ಹಿಡಿದುಕೊಂಡು ಪಕ್ಕಕ್ಕೆ ಸರಿದರು. ಒಂದು ಮನೆಯ ಮುಂದೆ, ಸ್ಕೂಟರು ದಾಟಿಸಲೆಂದು ಮನೆಯವರು ಆಗಲೇ ಗುಂಡಿಯ ಮೇಲೆ ಚಪ್ಪಡಿ ಕಲ್ಲು ಹಾಸಿದ್ದರು. ಕೋಲಿನ ಸದ್ದು ಬದಲಾಯಿತು. ಮಾವ ಅದನ್ನು ಕುಟ್ಟಿ ನೋಡಿದರು. ಕೂತು ಕೈಯಿಂದ ಅಳೆದರು. ಬೆಳಕಿಗೆ ಹಿಡಿಯಲಾಗದ ಒಂದು ಬಿಡಿಭಾಗವನ್ನು ಪರೀಕ್ಷಿಸುವಂತೆ. ಎದ್ದರು, ದಾಟಿದರು.

ಅವರು ಬೂತಿನಿಂದ ಹೊರಡುವವರೆಗೂ, ಬರುವಾಗ ಅದೇ ಕಲ್ಲನ್ನು ಹುಡುಕಿ ಈಚೆಗೆ ಬರುವವರೆಗೂ ನಾನು ಕಂಬ ಬಿಡಲಿಲ್ಲ. ಆಮೇಲೆ ಪಕ್ಕದ ಅಡ್ಡರಸ್ತೆಯಲ್ಲಿ ಓಡಿ ಮನೆ ಸೇರಿದೆ.

ಆ ದಿನದ ಕಾಫಿಗೆ ಮಾವ ಕಥೆ ಹೇಳಿದರು. ಕಾರನ್ನು ಹೇಳಿದರು, ನಾಯಿಯನ್ನು ಹೇಳಿದರು, ಬೂತಿನಲ್ಲಿ ಗೆಳೆಯರು "ಏನ್ ಗುರುವೇ, ಸತ್ತೋಗಿದ್ಯಾ ಅನ್ಕಂಡಿದ್ವಿ" ಎಂದದ್ದನ್ನು ಹೇಳಿದರು. ಗುಂಡಿಯನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದರು. "ಕೋಲು ಕೆಳಕ್ ಓಯ್ತು ನೋಡು," ಎಂದು ನಿಲ್ಲಿಸಿ, ಒಂದು ಗುಟುಕು ಕುಡಿದರು. ಅತ್ತೆ ಬಾಯಿಗೆ ಕೈ ಹಿಡಿದರು. ಮಾವ ಬೀಳಲಿಲ್ಲವೆಂದು ನನಗೆ ಗೊತ್ತು. ನನ್ನ ಎದುರಿಗೇ ಕೂತಿದ್ದಾರೆ. ಆದರೂ ಎದೆ ಬಡಿತ ಕಿವಿಗೆ ಕೇಳಿಸಿತು. ಕೊನೆ ಗೊತ್ತಿದ್ದರೆ ಸಸ್ಪೆನ್ಸು ಸಾಯುತ್ತದೆ ಎನ್ನುವವರ ಮಾತನ್ನು ನಾನು ಅಂದಿನಿಂದ ನಂಬುವುದನ್ನು ಬಿಟ್ಟೆ.

"ಭಯ ಆಗ್ನಿಲ್ವಾ?" ಎಂದು ಅತ್ತೆ ಕೇಳಿದರು.

"ಭಯ ಯಾಕೆ? ಪಕ್ಕದಲ್ ಕಲ್ಲಿತ್ತು, ದಾಟ್ದೆ."

ಯಾರಾದರೂ ಇದ್ದಾರಾ ಎಂದದ್ದನ್ನು ಅವರು ಹೇಳಲಿಲ್ಲ. ಕೇಳಿಸಿಕೊಂಡದ್ದನ್ನು ನಾನೂ ಹೇಳಲಿಲ್ಲ. ಅತ್ತೆ ನನ್ನ ಮಣ್ಣು ಮೆತ್ತಿದ ಪಾದಗಳನ್ನು ಒಮ್ಮೆ ನೋಡಿ, ಕಾಲೊರೆಸುವ ಗೋಣಿಚೀಲವನ್ನು ಸದ್ದಿಲ್ಲದೆ ನನ್ನ ಕಡೆಗೆ ನೂಕಿದರು.

ಮರುದಿನ ಬೆಳಿಗ್ಗೆ ಮಾವ ಬುಟ್ಟಿ ತೆಗೆದುಕೊಂಡಾಗ ಇವರು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಹಿಂದೆ ಹೋಗಲಿಲ್ಲ. ಹಾಲಿನ ಪಾತ್ರೆ ತೊಳೆದು ಒಲೆಯ ಮೇಲಿಟ್ಟು, ಮುಂಬಾಗಿಲ ಹೊಸಿಲ ಬಳಿ ಕೂತೆ. ಕಾಂಪೌಂಡಿನಾಚೆ ಏನೂ ಕಾಣುತ್ತಿರಲಿಲ್ಲ. ಬಸ್ಸು ತಿರುಗಿತು. ನಾಯಿ ಬೊಗಳಿತು, ಸುಮ್ಮನಾಯಿತು. ಒಂದು ಸ್ಕೂಟರು ಕಲ್ಲಿನ ಮೇಲೆ ಹಾದುಹೋಯಿತು. ಕೋಲಿನ ಸದ್ದಿಗಾಗಿ ಕಿವಿ ಚಾಚಿಕೊಂಡು ಕೂತ ಆ ಹೊತ್ತು ಎಷ್ಟು ಉದ್ದವಾಗಿತ್ತೆಂದು ಈಗಲೂ ಹೇಳಲಾರೆ.

ಕೊನೆಗೆ ಗೇಟಿನ ಕಬ್ಬಿಣಕ್ಕೆ ಏನೋ ತಗುಲಿತು. ಚಿಲಕ ತೆಗೆಯಲು ಅವರಿಗೆ ಕೈ ಬಿಡುವಿರಲಿಲ್ಲ. ಒಂದರಲ್ಲಿ ಕೋಲು, ಒಂದರಲ್ಲಿ ಹಾಲು.

"ಯಾರಾದ್ರೂ ಅವ್ರಾ?"

"ಇದೀನಿ ಮಾವ," ಎಂದೆ. ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.